ಒಂದು ನಿಮಿಷದ ಶುಭಂ: ‘ಕ್ಯಾಸಲ್’ ಧಾರಾವಾಹಿಯ ಕೊನೆಯ ಕಂತಿನ ಬಗ್ಗೆ ವೀಕ್ಷಕರಲ್ಲಿ ಒಮ್ಮತವಿಲ್ಲದಿರುವುದೇಕೆ

ಗಂಡನಿಗೆ ಗುಂಡು ತಗುಲಿದೆ. ಹೆಂಡತಿ ಹಂತಕನನ್ನು ಹೊಡೆದುರುಳಿಸಿದ್ದಾಳೆ, ಆದರೆ ಅಷ್ಟರಲ್ಲಿ ಅವಳಿಗೂ ಗುಂಡು ಬಿದ್ದಿದೆ. ತಮ್ಮದೇ ಮನೆಯ ನೆಲದ ಮೇಲೆ ತೆವಳಿಕೊಂಡು ಬಂದು ಇಬ್ಬರೂ ಒಬ್ಬರ ಕೈಯನ್ನೊಬ್ಬರು ಹಿಡಿಯುತ್ತಾರೆ. ಇನ್ನೇನು ಎಲ್ಲ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಕಥೆ ಏಳು ವರ್ಷ ಮುಂದಕ್ಕೆ ಜಿಗಿಯುತ್ತದೆ. ಅದೇ ಮನೆ, ಬೆಳಗಿನ ಬೆಳಕು, ಮೂವರು ಮಕ್ಕಳ ಗಲಾಟೆ, ನಗುನಗುತ್ತ ನಿಂತಿರುವ ಅದೇ ಗಂಡ ಹೆಂಡತಿ. ಹಿನ್ನೆಲೆಯಲ್ಲಿ ಇಬ್ಬರ ದನಿಗಳು ಕೇಳಿಸುತ್ತವೆ, ಧಾರಾವಾಹಿ ಮುಗಿಯುತ್ತದೆ. ಎಂಟು ಸೀಸನ್, 173 ಕಂತುಗಳ ‘ಕ್ಯಾಸಲ್’ ಧಾರಾವಾಹಿಗೆ ಸಿಕ್ಕ ಮುಕ್ತಾಯವೆಂದರೆ ಸುಮಾರು ಒಂದು ನಿಮಿಷದ ಈ ದೃಶ್ಯ.

‘ಕ್ರಾಸ್‌ಫೈರ್’ ಎಂಬ ಹೆಸರಿನ ಈ ಕಂತು 2016ರ ಮೇ 16ರ ಸೋಮವಾರ ರಾತ್ರಿ ಅಮೆರಿಕದ ಎಬಿಸಿ ವಾಹಿನಿಯಲ್ಲಿ ಪ್ರಸಾರವಾಯಿತು. ಇದನ್ನು ನೋಡಿದವರನ್ನು ಕೇಳಿದರೆ ಉತ್ತರಗಳು ಒಂದಕ್ಕೊಂದು ಹೊಂದುವುದೇ ಇಲ್ಲ. ‘ಸದ್ಯ, ಇಬ್ಬರೂ ಬದುಕಿದರಲ್ಲ’ ಎಂದು ನಿಟ್ಟುಸಿರು ಬಿಡುವವರಿದ್ದಾರೆ, ‘ಇದಕ್ಕಿಂತ ಏನೂ ತೋರಿಸದಿದ್ದರೆ ಚೆನ್ನಾಗಿತ್ತು’ ಎಂದು ಸಿಡುಕುವವರೂ ಇದ್ದಾರೆ. ಅಪರಾಧ ತನಿಖೆಯ ಕಥೆ ಕೆಟ್ಟಿತೆಂದು ಒಬ್ಬರು ಹೇಳಿದರೆ, ಆ ಕಥೆಯ ಗೋಜೇ ತಮಗಿರಲಿಲ್ಲ, ಗಂಡ ಹೆಂಡತಿಯನ್ನು ಅಷ್ಟು ದಿನ ಬೇರೆಯಿಟ್ಟದ್ದೇ ಸಿಟ್ಟು ಎಂದು ಇನ್ನೊಬ್ಬರು ಹೇಳುತ್ತಾರೆ. ಇದೆಲ್ಲ ಬರಿಯ ಅಭಿರುಚಿಯ ಭೇದವೆಂದು ಬಹಳ ದಿನ ನಾನೂ ಅಂದುಕೊಂಡಿದ್ದೆ. ಈ ಧಾರಾವಾಹಿಯನ್ನು ಎರಡನೇ ಸಲ ಮೊದಲಿಂದ ನೋಡಿದ ಮೇಲೆ ಹಾಗಲ್ಲವೆಂದು ಅನ್ನಿಸಿತು. ‘ಕ್ಯಾಸಲ್’ ಎಂದರೆ ಏನು ಎಂಬುದರ ಬಗ್ಗೆಯೇ ವೀಕ್ಷಕರ ತಿಳಿವಳಿಕೆ ಬೇರೆ ಬೇರೆಯಾಗಿತ್ತು. ವಾರದ ಕೊಲೆ, ವರ್ಷಗಟ್ಟಲೆಯ ದೀರ್ಘಕಥೆ, ಪ್ರೇಮಕಥೆ ಎಂದು ಒಂದೊಂದನ್ನು ನೆಚ್ಚಿ ಎಂಟು ವರ್ಷ ಒಂದೇ ಸೂರಿನಡಿ ಸುಖವಾಗಿ ಬಾಳಿದ್ದ ಮೂರು ಬಗೆಯ ವೀಕ್ಷಕರು ಕೊನೆಯ ಕಂತಿನಲ್ಲಿ ಪಾಲು ಕೇಳಲು ನಿಂತರು.

ಈ ಬಗೆಯ ಧಾರಾವಾಹಿಯ ಸ್ವರೂಪವನ್ನು ಮೊದಲು ನೋಡಬೇಕು. ಪೊಲೀಸ್ ತನಿಖೆಯ ಧಾರಾವಾಹಿಯನ್ನು ಇಂಗ್ಲಿಷ್‌ನಲ್ಲಿ ‘ಪ್ರೊಸೀಜರಲ್’ ಎನ್ನುತ್ತಾರೆ. ಹೆಣ ಸಿಗುವುದು, ಸುಳಿವು ಕಲೆಹಾಕುವುದು, ಶಂಕಿತರನ್ನು ಕೂರಿಸಿ ವಿಚಾರಿಸುವುದು, ಕೊನೆಗೆ ಕೈಗೆ ಕೋಳ ಬೀಳುವುದು ಎಂಬ ಕ್ರಮ ಪ್ರತಿ ವಾರ ತಪ್ಪದೆ ನಡೆಯುತ್ತದೆ. ನಮ್ಮಲ್ಲಿ ಇದಕ್ಕೆ ಅತ್ಯಂತ ಪರಿಚಿತ ಉದಾಹರಣೆ 1998ರಲ್ಲಿ ಶುರುವಾದ ಹಿಂದಿಯ ‘ಸಿಐಡಿ’. ಅದರಲ್ಲಿ ಬಾಗಿಲು ಒಡೆಯುವ ದಯಾ ಆಗಿ ಮನೆಮಾತಾದ ದಯಾನಂದ ಶೆಟ್ಟಿ ನಮ್ಮ ಉಡುಪಿ ಬಳಿಯ ಕಟಪಾಡಿಯವರೇ. ‘ಸಿಐಡಿ’ಯ ಅಧಿಕಾರಿಗಳ ಮನೆಯಲ್ಲಿ ಏನು ನಡೆಯುತ್ತಿದೆ ಎಂಬುದು ಹೆಚ್ಚಿನ ವಾರಗಳಲ್ಲಿ ನಮಗೆ ತಿಳಿಯುತ್ತಿರಲಿಲ್ಲ, ತಿಳಿಯುವ ಅಗತ್ಯವೂ ಇರಲಿಲ್ಲ. ನಡುವೆ ನಾಲ್ಕು ವಾರ ತಪ್ಪಿಸಿಕೊಂಡವರೂ ಐದನೇ ವಾರ ನಿಶ್ಚಿಂತೆಯಿಂದ ನೋಡಬಹುದಿತ್ತು. ಆದರೆ 2000ದ ದಶಕದ ಕೊನೆಗೆ ಅಮೆರಿಕದ ವಾಹಿನಿಗಳಿಗೆ ವಾರಕ್ಕೊಂದು ಬಿಡಿಕಥೆ ಸಾಲದೆಂದು ಅನ್ನಿಸತೊಡಗಿತ್ತು. ಹೀಗಾಗಿ ಬಿಡಿಕಥೆಗಳ ಅಡಿಯಲ್ಲಿ ವರ್ಷಗಟ್ಟಲೆ ಹರಿಯುವ ಒಂದು ದೀರ್ಘಕಥೆಯನ್ನು ಇಡುವುದು, ಅದರ ಜೊತೆಗೆ ಮುಖ್ಯ ಪಾತ್ರಗಳ ನಡುವೆ ಒಂದು ಪ್ರೇಮಕಥೆಯನ್ನು ಹೆಣೆಯುವುದು ರೂಢಿಯಾಯಿತು.

2009ರ ಮಾರ್ಚ್ 9ರಂದು ಶುರುವಾದ ‘ಕ್ಯಾಸಲ್’ನಲ್ಲಿ ಈ ಮೂರೂ ಎಳೆಗಳು ಇದ್ದವು. ರಿಚರ್ಡ್ ಕ್ಯಾಸಲ್ ಹೆಸರುವಾಸಿ ಪತ್ತೇದಾರಿ ಕಾದಂಬರಿಕಾರ. ಅವನ ಪುಸ್ತಕದ ಕೊಲೆಗಳನ್ನು ಯಾರೋ ನಿಜಜೀವನದಲ್ಲಿ ನಕಲು ಮಾಡುತ್ತಿರುವ ಪ್ರಕರಣದಿಂದ ನ್ಯೂಯಾರ್ಕ್ ಪೊಲೀಸ್ ಇಲಾಖೆಯ ಡಿಟೆಕ್ಟಿವ್ ಕೇಟ್ ಬೆಕೆಟ್‌ಳ ಪರಿಚಯವಾಗುತ್ತದೆ. ಅವಳನ್ನು ಮಾದರಿಯಾಗಿಟ್ಟುಕೊಂಡು ಹೊಸ ನಾಯಕಿಯನ್ನು ಸೃಷ್ಟಿಸುವ ನೆಪದಲ್ಲಿ, ಮೇಯರ್‌ನ ಸ್ನೇಹವನ್ನು ಬಳಸಿಕೊಂಡು ಅವನು ಅವಳ ಬೆನ್ನುಹತ್ತುತ್ತಾನೆ. ಕ್ಯಾಸಲ್ ಆಗಿ ನೇಥನ್ ಫಿಲಿಯನ್, ಬೆಕೆಟ್ ಆಗಿ ಸ್ಟಾನಾ ಕಾಟಿಕ್ ನಟಿಸಿದರು. ಮೊದಲ ಎಳೆ ವಾರದ ಕೊಲೆ. ಎರಡನೆಯದು 1999ರ ಜನವರಿಯಲ್ಲಿ ನಡೆದ ಬೆಕೆಟ್‌ಳ ತಾಯಿಯ ಕೊಲೆ, ಅವಳು ಪೊಲೀಸ್ ಆಗಲು ಕಾರಣವಾದ ಆ ಗಾಯ. ಮೂರನೆಯದು ಇವರಿಬ್ಬರ ಪ್ರೀತಿ. ಅವನು ಅವಳಿಗೆಂದು ದಿನವೂ ತರುವ ಕಾಫಿ ಲೋಟ ಆ ಪ್ರೀತಿಯ ಗುರುತಾಗಿ ಮೊದಲ ವರ್ಷಗಳಿಂದಲೂ ಉಳಿದುಕೊಂಡಿತು.

ಮೊದಲ ಎಳೆಯನ್ನು ನೆಚ್ಚಿದವರ ದೂರು ಹೆಚ್ಚಿಲ್ಲ, ಅದನ್ನು ಬೇಗ ಮುಗಿಸಿಬಿಡಬಹುದು. ವಿಚಿತ್ರ ಕೊಲೆ, ಚಟಪಟ ಮಾತು, ಕ್ಯಾಸಲ್‌ನ ತಲೆಬುಡವಿಲ್ಲದ ಊಹೆ, ಕೊನೆಗೊಂದು ತಿರುವು, ಇಷ್ಟಿದ್ದರೆ ಅವರಿಗೆ ಸಾಕು. ಎಂಟನೇ ಸೀಸನ್ನಿನಲ್ಲೂ ಅಂಥ ಕಂತುಗಳು ಬರುತ್ತಿದ್ದವು. ಕೊನೆಯ ಕಂತಿನಲ್ಲಿ ವಾರದ ಕೊಲೆಯ ಜಾಗವನ್ನು ದೀರ್ಘಕಥೆಯೇ ನುಂಗಿದ್ದರಿಂದ ಅವರಿಗೆ ನಿರಾಸೆಯಾಯಿತು, ಅಷ್ಟೆ. ಎಲ್ಲ ಅಪರಾಧ ಧಾರಾವಾಹಿಗಳ ಕೊನೆಯ ಕಂತಿನಲ್ಲೂ ಆಗುವುದು ಇದೇ ಎಂದು ಅವರಿಗೂ ಗೊತ್ತಿತ್ತು.

ನಿಜವಾದ ಜಗಳ ಎರಡನೆಯ ಎಳೆಯಲ್ಲಿದೆ, ಅದನ್ನು ಸ್ವಲ್ಪ ಬಿಡಿಸಿ ನೋಡಬೇಕು. ತಾಯಿಯ ಕೊಲೆಯ ಕಥೆ ಒಳ್ಳೆಯ ಕಸುಬುದಾರಿಕೆಯಿಂದ ಬೆಳೆದಿತ್ತು. 2011ರ ಮೇ 16ರಂದು, ಅಂದರೆ ‘ಕ್ರಾಸ್‌ಫೈರ್’ಗೆ ಸರಿಯಾಗಿ ಐದು ವರ್ಷ ಮೊದಲು, ಪ್ರಸಾರವಾದ ಮೂರನೇ ಸೀಸನ್ನಿನ ಕೊನೆಯ ಕಂತನ್ನು ಇವತ್ತಿಗೂ ವೀಕ್ಷಕರು ನೆನೆಯುತ್ತಾರೆ. ಬೆಕೆಟ್‌ಳ ಮೇಲಧಿಕಾರಿ, ಅವಳಿಗೆ ಗುರುವಿನಂತಿದ್ದ ಕ್ಯಾಪ್ಟನ್ ಮಾಂಟ್‌ಗೊಮರಿ, ಆ ಕೊಲೆಯ ಹಿಂದಿನ ಪಾಪದಲ್ಲಿ ತಾನೂ ಪಾಲುದಾರನೆಂದು ಆ ಕಂತಿನಲ್ಲಿ ಬಯಲಾಗುತ್ತದೆ. ಅವಳನ್ನು ಉಳಿಸಲು ಅವನು ಸಾಯುತ್ತಾನೆ. ಅವನ ಅಂತ್ಯಕ್ರಿಯೆಯಲ್ಲಿ ಅವಳಿಗೆ ಗುಂಡು ಬೀಳುತ್ತದೆ. ಮೊದಲ ಕಂತಿನಿಂದಲೂ ಗಾಜಿನ ಗೋಡೆಯ ಆಚೆಗೆ ಕುಳಿತು, ಕ್ಯಾಸಲ್‌ನ ಕುಚೋದ್ಯಕ್ಕೆ ನಗುತ್ತಿದ್ದ ಮನುಷ್ಯ ಅವನು. ಮೂರು ವರ್ಷ ಅವನನ್ನು ನೋಡಿದ್ದ ಪ್ರೇಕ್ಷಕರಿಗೆ ಮನೆಯವರೇ ಮೋಸ ಮಾಡಿದಂತೆ ಆಯಿತು, ಆ ಮೋಸದಲ್ಲೂ ಒಂದು ನ್ಯಾಯವಿತ್ತು.

ಪತ್ತೇದಾರಿ ಕಥೆಯ ಹಳೆಯ ನಿಯಮವೇ ಅದು. ಇಂಗ್ಲೆಂಡಿನ ಪಾದ್ರಿ, ಕಾದಂಬರಿಕಾರ ರೊನಾಲ್ಡ್ ನಾಕ್ಸ್ 1929ರಲ್ಲಿ ಇಂಥ ಕಥೆಗಳಿಗೆ ಹತ್ತು ಕಟ್ಟಳೆಗಳನ್ನು ಬರೆದಾಗ, ಅಪರಾಧಿಯಾದವನು ಕಥೆಯ ಆರಂಭದ ಭಾಗದಲ್ಲೇ ಕಾಣಿಸಿಕೊಂಡಿರಬೇಕು ಎಂಬುದನ್ನು ಮೊದಲನೆಯದಾಗಿ ಇಟ್ಟ. ಓದುಗನಿಗೆ ಊಹಿಸುವ ಅವಕಾಶ ಇರಬೇಕು, ಊಹೆ ತಪ್ಪಿದಾಗ ‘ಛೆ, ಕಣ್ಣೆದುರೇ ಇದ್ದನಲ್ಲ’ ಎನ್ನಿಸಬೇಕು. ನಾಕ್ಸ್‌ನ ಹೆಸರನ್ನೇ ಕೇಳದ ವೀಕ್ಷಕರೂ ಈ ನಿಯಮವನ್ನು ಒಳಗೊಳಗೇ ಬಲ್ಲವರಾಗಿರುತ್ತಾರೆ. ಅದನ್ನು ಮುರಿದಾಗ ಏನು ತಪ್ಪಾಯಿತೆಂದು ಅವರಿಗೆ ಹೇಳಲು ಬಾರದಿರಬಹುದು, ಆದರೆ ಏನೋ ತಪ್ಪಾಯಿತೆಂದು ಮಾತ್ರ ತಟ್ಟನೆ ಗೊತ್ತಾಗುತ್ತದೆ.

ಬೆಕೆಟ್‌ಳ ತಾಯಿಯ ಕೊಲೆಯ ಹಿಂದಿದ್ದವನು ಸೆನೆಟರ್ ಬ್ರಾಕನ್ ಎಂದು ಐದನೇ ಸೀಸನ್ನಿನ ಆರಂಭದಲ್ಲಿ ತಿಳಿಯಿತು. ಆರನೇ ಸೀಸನ್ನಿನಲ್ಲಿ, 2014ರ ಏಪ್ರಿಲ್‌ನಲ್ಲಿ, ಬೆಕೆಟ್ ಅವನಿಗೆ ಕೋಳ ತೊಡಿಸಿದಳು. ದೀರ್ಘಕಥೆ ಅಲ್ಲಿಗೆ ಮುಗಿದಿತ್ತು, ಚೆನ್ನಾಗಿಯೇ ಮುಗಿದಿತ್ತು. ಆದರೆ ಧಾರಾವಾಹಿ ಮುಗಿಯಲಿಲ್ಲ. ಎಂಟನೇ ಸೀಸನ್ನಿಗೆ ಹೊಸ ಮುಖ್ಯ ಬರಹಗಾರರು, ಅಲ್ಲಿನ ಮಾತಿನಲ್ಲಿ ಶೋರನ್ನರ್‌ಗಳು, ಬಂದರು: ಅಲೆಕ್ಸಿ ಹಾಲಿ ಮತ್ತು ಟೆರೆನ್ಸ್ ಪಾಲ್ ವಿಂಟರ್. ಮೂಲ ಸೃಷ್ಟಿಕರ್ತ ಆಂಡ್ರೂ ಮಾರ್ಲೋ ಅಷ್ಟರಲ್ಲಿ ದಿನನಿತ್ಯದ ಹೊಣೆಯಿಂದ ಹಿಂದೆ ಸರಿದಿದ್ದರು. ಹೊಸಬರಿಗೆ ಹೊಸದೊಂದು ದೀರ್ಘಕಥೆ ಬೇಕಿತ್ತು. ಬ್ರಾಕನ್‌ಗೆ ಗುಪ್ತವಾಗಿ ಒಬ್ಬ ಪಾಲುದಾರನಿದ್ದ, ಅವನ ಸಂಕೇತನಾಮ ‘ಲೋಕ್‌ಸ್ಯಾಟ್’ ಎಂದು ಅವರು ಶುರುಮಾಡಿದರು. ಬೆಕೆಟ್‌ಳ ಹಳೆಯ ಸಹೋದ್ಯೋಗಿಗಳು ಸಾಲಾಗಿ ಕೊಲೆಯಾಗುತ್ತಾರೆ, ಜೈಲಿನಲ್ಲಿದ್ದ ಬ್ರಾಕನ್ ಸಾಯುತ್ತಾನೆ, ವಿಕ್ರಮ್ ಸಿಂಗ್ ಎಂಬ ವಿಶ್ಲೇಷಕನನ್ನು ಜೊತೆಗಿಟ್ಟುಕೊಂಡು ಬೆಕೆಟ್ ಗುಟ್ಟಾಗಿ ತನಿಖೆಗಿಳಿಯುತ್ತಾಳೆ.

ಮುಗಿದ ಕಥೆಯ ಹಿಂದೆ ಇನ್ನೊಬ್ಬ ಖಳನನ್ನು ಕೂರಿಸುವುದು ಎಲ್ಲ ದೀರ್ಘ ಧಾರಾವಾಹಿಗಳ ಚಟ. ನಮ್ಮ ಸಂಜೆಯ ಧಾರಾವಾಹಿಗಳಲ್ಲಿ ಅತ್ತೆ ಒಳ್ಳೆಯವಳಾದ ಮರುವಾರವೇ ನಾದಿನಿ ಬಂದಿಳಿಯುವುದಿಲ್ಲವೇ? ಅಷ್ಟಕ್ಕೇ ಯಾರೂ ಮುನಿಯಬೇಕಾಗಿಲ್ಲ. ಆದರೆ ಇಲ್ಲಿ ಆದ ನಷ್ಟ ಎರಡು ಪಟ್ಟಿನದು. ತಾಯಿಯ ಕೊಲೆಗೆ ಸಿಕ್ಕಿದ ನ್ಯಾಯವೇ ಅರ್ಧಂಬರ್ಧದ್ದೆಂದು ಹೊಸ ಕಥೆ ಹೇಳಿದ ಹಾಗಾಯಿತು, ಹಾಗಾಗಿ ಹಿಂದೆ ಅತ್ತು ಸಮಾಧಾನಗೊಂಡಿದ್ದ ವೀಕ್ಷಕರಿಗೆ ಆ ಸಮಾಧಾನವನ್ನೇ ಕಿತ್ತುಕೊಂಡಂತೆ ತೋರಿತು. ಇನ್ನೊಂದು, ಲೋಕ್‌ಸ್ಯಾಟ್ ಯಾರೆಂದು ‘ಕ್ರಾಸ್‌ಫೈರ್’ನಲ್ಲಿ ಬಯಲಾದಾಗ ಸಿಕ್ಕ ಉತ್ತರ ಮೇಸನ್ ವುಡ್ ಎಂಬ ಪಾತ್ರ. ಲಾಸ್ ಏಂಜಲೀಸಿನ ಖಾಸಗಿ ಪತ್ತೇದಾರರ ಸಂಘವೊಂದರ ಮುಖ್ಯಸ್ಥನಾದ ಇವನು ಅದೇ ಎಂಟನೇ ಸೀಸನ್ನಿನಲ್ಲಿ ಬಂದವನು, ಬೆರಳೆಣಿಕೆಯ ಕಂತುಗಳಲ್ಲಿ ಮುಖ ತೋರಿಸಿದವನು. ನಾಕ್ಸ್‌ನ ಕಟ್ಟಳೆಯ ಅಕ್ಷರಕ್ಕೆ ಇದು ಒಪ್ಪುತ್ತದೆ ಎನ್ನಬಹುದು, ಮೇಸನ್ ಕಥೆಗೆ ತೀರ ಹೊರಗಿನವನೇನಲ್ಲ. ಆದರೆ ಮಾಂಟ್‌ಗೊಮರಿಯ ಪಕ್ಕದಲ್ಲಿ ನಿಲ್ಲಿಸಿದರೆ ಅಂತರ ಕಾಣುತ್ತದೆ. ಒಬ್ಬನ ಹೆಸರು ಕೇಳಿದಾಗ ಎದೆ ಧಸಕ್ಕೆಂದಿತ್ತು, ಇನ್ನೊಬ್ಬನ ಹೆಸರು ಕೇಳಿದಾಗ ಕೆಲವರು ‘ಯಾರು?’ ಎಂದು ಹಿಂದಿನ ಕಂತುಗಳನ್ನು ತಡಕಾಡಿದರು. ಲೋಕ್‌ಸ್ಯಾಟ್ ಕಥೆಯನ್ನು ಒಪ್ಪದವರಲ್ಲಿ ನಾನೂ ಒಬ್ಬ, ಅದನ್ನು ಮುಚ್ಚಿಡುವುದಿಲ್ಲ.

ಮೂರನೆಯ ಎಳೆಗೆ ಬರೋಣ. ಪ್ರೇಮಕಥೆಯನ್ನು ನೆಚ್ಚಿದವರು ನಾಲ್ಕು ಸೀಸನ್ ಕಾದಿದ್ದರು, 2012ರ ಮೇ ತಿಂಗಳಲ್ಲಿ ಆ ಕಾಯುವಿಕೆ ಮುಗಿಯಿತು. 2014ರ ಮೇನಲ್ಲಿ ಮದುವೆಯ ದಿನವೇ ಕ್ಯಾಸಲ್‌ನ ಕಾರು ಉರಿಯುತ್ತ ಸಿಕ್ಕಿದಾಗ ಅವರಿಗೆ ಸಿಟ್ಟು ಬಂದಿತ್ತು, ಆದರೆ ಅದೇ ವರ್ಷದ ನವೆಂಬರ್‌ನಲ್ಲಿ ಮದುವೆ ನಡೆದುಹೋಯಿತು. ಎಂಟನೇ ಸೀಸನ್ ಮಾತ್ರ ಶುರುವಾದದ್ದೇ ಬೆಕೆಟ್ ಗಂಡನನ್ನು ಬಿಟ್ಟು ಹೊರಡುವುದರಿಂದ. ಲೋಕ್‌ಸ್ಯಾಟ್‌ನ ಅಪಾಯ ಅವನಿಗೆ ತಟ್ಟದಿರಲಿ ಎಂಬುದು ಅವಳ ಕಾರಣ. ಆ ಕಾರಣವನ್ನು ಅವನಿಗೆ ಅವಳು ಹೇಳುವುದಿಲ್ಲ. ಸೀಸನ್ನಿನ ನಡುವಲ್ಲಿ ಇಬ್ಬರೂ ಗುಟ್ಟಾಗಿ ಒಂದಾಗಿ, ಲೋಕದ ಕಣ್ಣಿಗೆ ಬೇರೆಯಾದವರಂತೆ ನಟಿಸುತ್ತಾರೆ. ಏಳು ವರ್ಷ ಜೊತೆಯಾಗಿ ಕೊಲೆಗಾರರನ್ನು ಹಿಡಿದ ಜೋಡಿಯಲ್ಲಿ ಒಬ್ಬಳು ಇನ್ನೊಬ್ಬನನ್ನು ಹೀಗೆ ಕತ್ತಲಲ್ಲಿಟ್ಟದ್ದು ಪಾತ್ರಕ್ಕೆ ಒಪ್ಪುವುದಿಲ್ಲವೆಂದು ಬಹಳ ವೀಕ್ಷಕರಿಗೆ ತೋರಿತು.

ಇದರ ಹಿಂದೆ ಟಿವಿ ಬರಹಗಾರರ ಹಳೆಯ ಭಯವೊಂದಿದೆ. 1985ರಿಂದ 1989ರವರೆಗೆ ಇದೇ ಎಬಿಸಿಯಲ್ಲಿ ನಡೆದ ‘ಮೂನ್‌ಲೈಟಿಂಗ್’ ಎಂಬ ಪತ್ತೇದಾರಿ ಧಾರಾವಾಹಿಯಲ್ಲಿ ನಾಯಕ ನಾಯಕಿ ಒಂದಾದ ಮೇಲೆ ಜನಪ್ರಿಯತೆ ಕುಸಿಯಿತು, ಅಂದಿನಿಂದ ‘ಪ್ರೇಮಿಗಳನ್ನು ಸೇರಿಸಿದರೆ ಧಾರಾವಾಹಿ ಸಾಯುತ್ತದೆ’ ಎಂಬುದು ಆ ಉದ್ಯಮದಲ್ಲಿ ಶಾಪದ ಮಾತಿನಂತೆ ಉಳಿದುಬಿಟ್ಟಿದೆ. ‘ಮೂನ್‌ಲೈಟಿಂಗ್’ ಕೆಟ್ಟದ್ದಕ್ಕೆ ನಟರ ನಡುವಿನ ಮನಸ್ತಾಪ, ತಡವಾಗುತ್ತಿದ್ದ ಚಿತ್ರೀಕರಣ ಮುಂತಾದ ಬೇರೆ ಕಾರಣಗಳೂ ಇದ್ದವು, ಅವು ಮರೆತುಹೋಗಿವೆ. ‘ಕ್ಯಾಸಲ್’ ಆದರೋ ಜೋಡಿ ಒಂದಾದ ಮೇಲೂ ನಾಲ್ಕು ಸೀಸನ್ ಬಾಳಿ ಆ ಶಾಪ ಸುಳ್ಳೆಂದು ತೋರಿಸಿತ್ತು. ಹಾಗಿದ್ದೂ ಕೊನೆಯಲ್ಲಿ ಅದೇ ಶಾಪಕ್ಕೆ ಹೆದರಿ ಮದುವೆಯಾದ ಜೋಡಿಯನ್ನು ಬೇರ್ಪಡಿಸಿದಂತೆ ಕಂಡದ್ದು ಆ ವೀಕ್ಷಕರನ್ನು ಕೆರಳಿಸಿತು.

ಇಷ್ಟಾದರೂ ಕೊನೆಯ ಕಂತಿನ ಕುರಿತ ಅಭಿಪ್ರಾಯಗಳಿಗೆ ಕಥೆಯೊಂದೇ ಕಾರಣವಲ್ಲ. ತೆರೆಯ ಹಿಂದಿನ ಕೊನೆಯ ನಾಲ್ಕು ವಾರಗಳ ದಿನಚರಿ ತಿಳಿಯದಿದ್ದರೆ ಆ ಒಂದು ನಿಮಿಷ ಅರ್ಥವಾಗುವುದಿಲ್ಲ. ಅಮೆರಿಕದ ದೊಡ್ಡ ವಾಹಿನಿಗಳು ಮೇ ತಿಂಗಳ ನಡುವೆ ನ್ಯೂಯಾರ್ಕಿನಲ್ಲಿ ಜಾಹೀರಾತುದಾರರನ್ನು ಕರೆದು ಮುಂದಿನ ಶರತ್ಕಾಲದ ಕಾರ್ಯಕ್ರಮ ಪಟ್ಟಿಯನ್ನು ಪ್ರಕಟಿಸುವುದು ವಾಡಿಕೆ. ಯಾವ ಧಾರಾವಾಹಿ ಉಳಿಯಬೇಕು, ಯಾವುದು ಹೋಗಬೇಕು ಎಂಬ ತೀರ್ಮಾನ ಅದಕ್ಕೆ ಮುಂಚಿನ ಕೆಲವೇ ದಿನಗಳಲ್ಲಿ ಆಗುತ್ತದೆ. ಆದರೆ ಮೇನಲ್ಲಿ ಪ್ರಸಾರವಾಗುವ ಕೊನೆಯ ಕಂತಿನ ಚಿತ್ರೀಕರಣ ಅದಕ್ಕೂ ಮೊದಲೇ ಮುಗಿದಿರಬೇಕು. ಎಂದರೆ ತಾವು ಬರೆಯುತ್ತಿರುವುದು ಸೀಸನ್ನಿನ ಕೊನೆಯೋ ಧಾರಾವಾಹಿಯದೇ ಕೊನೆಯೋ ಎಂಬುದು ಬರೆಯುವಾಗ ಬರಹಗಾರರಿಗೇ ಗೊತ್ತಿರುವುದಿಲ್ಲ.

ವಯಸ್ಸಾದ ಧಾರಾವಾಹಿಗೆ ಈ ಅನಿಶ್ಚಿತತೆ ಇನ್ನೂ ಹೆಚ್ಚು. ಮುಖ್ಯ ನಟರ ಮೊದಲ ಕರಾರು ಸಾಮಾನ್ಯವಾಗಿ ಆರೇಳು ವರ್ಷಕ್ಕೆ ಇರುತ್ತದೆ, ಅದು ತೀರಿದ ಮೇಲೆ ಹೊಸ ಕರಾರು, ಹೊಸ ಸಂಭಾವನೆ. ಖರ್ಚು ಏರುವ ಈ ಹೊತ್ತಿಗೆ ಸರಿಯಾಗಿ ವೀಕ್ಷಕರ ಸಂಖ್ಯೆ ಇಳಿಯುತ್ತಿರುತ್ತದೆ. ಅದರಲ್ಲೂ ಜಾಹೀರಾತುದಾರರು ಬೆಲೆ ಕಟ್ಟುವುದು ಒಟ್ಟು ವೀಕ್ಷಕರಿಗಿಂತ ಹೆಚ್ಚಾಗಿ 18ರಿಂದ 49 ವಯಸ್ಸಿನವರಿಗೆ. ಪತ್ತೇದಾರಿ ಧಾರಾವಾಹಿಗಳ ನಿಷ್ಠಾವಂತ ವೀಕ್ಷಕರಲ್ಲಿ ಆ ವಯಸ್ಸು ದಾಟಿದವರು ಬಹಳ. ಸಾಲದ್ದಕ್ಕೆ 2016ರ ಫೆಬ್ರವರಿಯಲ್ಲಿ ಎಬಿಸಿಯ ಮನರಂಜನಾ ವಿಭಾಗದ ಮುಖ್ಯಸ್ಥ ಪಾಲ್ ಲೀ ಹೊರಹೋಗಿ ಚಾನಿಂಗ್ ಡಂಜಿ ಆ ಸ್ಥಾನಕ್ಕೆ ಬಂದಿದ್ದರು. ಹೊಸ ಮುಖ್ಯಸ್ಥರು ಹಳೆಯ ಪಟ್ಟಿಯನ್ನು ಹೊಸ ಕಣ್ಣಿಂದ ನೋಡುವುದು ಸಹಜ.

ಏಪ್ರಿಲ್ 18ರಂದು ಬಂದ ಸುದ್ದಿ ವೀಕ್ಷಕರನ್ನು ಬೆಚ್ಚಿಬೀಳಿಸಿತು. ಒಂಬತ್ತನೇ ಸೀಸನ್ ಆದರೂ ಅದರಲ್ಲಿ ಸ್ಟಾನಾ ಕಾಟಿಕ್ ಇರುವುದಿಲ್ಲ, ವೈದ್ಯಾಧಿಕಾರಿ ಲೇನಿಯ ಪಾತ್ರದ ಟಮಾಲಾ ಜೋನ್ಸ್ ಕೂಡ ಇರುವುದಿಲ್ಲ, ಖರ್ಚು ತಗ್ಗಿಸಬೇಕಾಗಿದೆ. ಬೆಕೆಟ್ ಇಲ್ಲದ ‘ಕ್ಯಾಸಲ್’! ಮೊದಲ ಎಳೆಯನ್ನು ನೆಚ್ಚಿದವರು ಇದನ್ನೂ ಹೇಗೋ ಸಹಿಸಿಕೊಂಡಾರು, ಆದರೆ ತಾಯಿಯ ಕೊಲೆಯ ಕಥೆಯೂ ಪ್ರೇಮಕಥೆಯೂ ಬೆಕೆಟ್‌ಳದೇ ಅಲ್ಲವೇ? ನೆಚ್ಚಿನ ಧಾರಾವಾಹಿಯನ್ನು ಉಳಿಸಿರೆಂದು ಅಂಗಲಾಚುವುದು ಸಾಮಾನ್ಯವಾಗಿ ಕಾಣುವ ದೃಶ್ಯ. ಇಲ್ಲಿ ನಿಷ್ಠಾವಂತರೇ ದೊಡ್ಡ ಸಂಖ್ಯೆಯಲ್ಲಿ ‘ಹೀಗೆ ಮುಂದುವರಿಸುವ ಬದಲು ನಿಲ್ಲಿಸಿಬಿಡಿ’ ಎಂದರು. ಮೇ 12ರಂದು ಎಬಿಸಿ ನಿಲ್ಲಿಸಿಯೂ ಬಿಟ್ಟಿತು. ಕೊನೆಯ ಕಂತಿಗೆ ಅಲ್ಲಿಂದ ನಾಲ್ಕೇ ದಿನ.

ಬರಹಗಾರರು ಈ ಅನಿಶ್ಚಿತತೆಗೆ ಮೊದಲೇ ಒಂದು ಉಪಾಯ ಮಾಡಿಟ್ಟಿದ್ದರು. ಧಾರಾವಾಹಿ ಮುಂದುವರಿದರೆ ಕಂತು ನೆಲದ ಮೇಲೆ ಬಿದ್ದ ಜೋಡಿಯ ದೃಶ್ಯಕ್ಕೇ ಮುಗಿಯಬೇಕು, ಯಾರು ಬದುಕಿದರೆಂಬುದು ಮುಂದಿನ ಸೀಸನ್ನಿನ ಕುತೂಹಲವಾಗಿ ಉಳಿಯಬೇಕು. ಮುಂದುವರಿಯದಿದ್ದರೆ ಏಳು ವರ್ಷದ ನಂತರದ ಚಿಕ್ಕ ದೃಶ್ಯವನ್ನು ಅದಕ್ಕೆ ಸೇರಿಸಬೇಕು. ಎರಡಕ್ಕೂ ಬೇಕಾದದ್ದನ್ನು ಚಿತ್ರೀಕರಿಸಿಟ್ಟುಕೊಂಡಿದ್ದರು. ಕಂತಿನ ಉಳಿದ ನಲವತ್ತು ಚಿಲ್ಲರೆ ನಿಮಿಷಗಳೆಲ್ಲ ಮುಂದುವರಿಯುವ ಕಥೆಗೆಂದು ಬರೆದವು, ಕೊನೆಯ ಒಂದು ನಿಮಿಷ ಮಾತ್ರ ಮುಗಿಯುವ ಕಥೆಗೆಂದು ಬರೆದದ್ದು. ವೀಕ್ಷಕರು ನೋಡಿದ್ದು ಈ ಎರಡರ ಹೊಲಿಗೆಯನ್ನು.

ಆ ಹೊಲಿಗೆಯನ್ನು ಹತ್ತಿರದಿಂದ ನೋಡಿದರೆ ದೂರುಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. ಲೋಕ್‌ಸ್ಯಾಟ್ ಸತ್ತ ಮೇಲೆ ಎಲ್ಲ ಮುಗಿಯಿತೆಂದುಕೊಂಡಾಗ ಅವನ ಕಡೆಯ ಕೇಲಬ್ ಬ್ರೌನ್ ಮನೆಗೇ ಬಂದು ಗುಂಡು ಹಾರಿಸುತ್ತಾನೆ. ಕಾಟಿಕ್ ಹೊರಹೋಗುವ ಸುದ್ದಿಯನ್ನು ಓದಿದ್ದ ವೀಕ್ಷಕರ ಕಣ್ಣಿಗೆ ಆ ಗುಂಡು ಕೇಲಬ್‌ನ ಪಿಸ್ತೂಲಿನಿಂದ ಬಂದಂತೆ ಕಾಣಲಿಲ್ಲ, ವಾಹಿನಿಯ ಲೆಕ್ಕಪತ್ರದಿಂದ ಬಂದಂತೆ ಕಂಡಿತು. ಪಾತ್ರವನ್ನು ಕಥೆಯಿಂದ ಕಳಿಸಿಕೊಡಲು ತೆರೆದಿಟ್ಟ ಬಾಗಿಲು ಅದೆಂದು ಅವರು ಓದಿಕೊಂಡರು. ಆ ಓದು ಅನ್ಯಾಯದ್ದೆಂದು ಹೇಳಲಾರೆ. ಮುಂದುವರಿದಿದ್ದರೆ ಬೆಕೆಟ್ ಇಲ್ಲದ ಸೀಸನ್ ಬರುವುದು ಖಚಿತವಿತ್ತು, ಅವಳು ಇಲ್ಲವಾಗುವ ದಾರಿಯೊಂದು ಬೇಕೇ ಇತ್ತು.

ಮರುಕ್ಷಣ ಮಕ್ಕಳ ಗಲಾಟೆ. ಅಷ್ಟು ಹೊತ್ತು ಪ್ರಾಣವೇ ಹೋಗುತ್ತಿದೆಯೆಂದು ತೋರಿಸಿ, ಆಸ್ಪತ್ರೆಯ ಒಂದು ದೃಶ್ಯವಾಗಲಿ, ಕ್ಯಾಸಲ್‌ನ ಮಗಳು ಅಲೆಕ್ಸಿಸ್ ಮತ್ತು ಅವನ ತಾಯಿ ಮಾರ್ಥಾ ಓಡಿ ಬರುವುದಾಗಲಿ, ಗೆಳೆಯರಾದ ರಯಾನ್ ಮತ್ತು ಎಸ್ಪೊಸಿಟೊ ಕಂಗಾಲಾಗುವುದಾಗಲಿ ಯಾವುದೂ ಇಲ್ಲದೆ ಏಳು ವರ್ಷ ದಾಟಿಸಿದ್ದು ಎಷ್ಟು ಅಸಹಜವಾಗಿತ್ತೆಂದರೆ, ಆ ಬೆಳಗಿನ ದೃಶ್ಯ ಸಾಯುತ್ತಿರುವ ಇಬ್ಬರ ಕನಸೇ ಇರಬೇಕೆಂದು ವಾದಿಸುವವರೂ ಇದ್ದಾರೆ. ಬರಹಗಾರರ ಉದ್ದೇಶ ಅದಾಗಿರಲಿಲ್ಲ. ಆದರೆ ವೀಕ್ಷಕರು ಹಾಗೆ ಓದಿದ್ದಕ್ಕೆ ಕಾರಣ ಆ ಹೊಲಿಗೆಯಲ್ಲೇ ಇದೆ.

ಇದೇ ದೃಶ್ಯವನ್ನು ಸಮರ್ಥಿಸುವವರ ಮಾತಿನಲ್ಲೂ ಹುರುಳಿದೆ. ಹೀಗೆ ಕೊನೆಯ ಗಳಿಗೆಯಲ್ಲಿ ರದ್ದಾದ ಎಷ್ಟೋ ಧಾರಾವಾಹಿಗಳು ಅರ್ಧಕ್ಕೇ ನಿಂತುಹೋಗಿವೆ, ಯಾರು ಬದುಕಿದರು ಯಾರು ಸತ್ತರು ಎಂಬುದು ಇಂದಿಗೂ ಗೊತ್ತಿಲ್ಲ. ಇಲ್ಲಿ ಬರಹಗಾರರು ಮುಂಜಾಗ್ರತೆ ವಹಿಸಿ ಆ ಒಂದು ನಿಮಿಷವನ್ನು ತೆಗೆದಿಟ್ಟರು. ಅವಸರದ ಅಡುಗೆಯೇ ಸರಿ, ಆದರೆ ಅತಿಥಿಯನ್ನು ಹಸಿದ ಹೊಟ್ಟೆಯಲ್ಲಿ ಕಳಿಸಲಿಲ್ಲ. ಅಲ್ಲದೆ ಆ ದೃಶ್ಯದಲ್ಲಿ ಹಳೆಯ ವೀಕ್ಷಕರಿಗೆ ಮಾತ್ರ ತಿಳಿಯುವ ಒಂದು ಲೆಕ್ಕವಿದೆ. 2013ರ ಅಕ್ಟೋಬರ್‌ನಲ್ಲಿ ಪ್ರಸಾರವಾದ ಆರನೇ ಸೀಸನ್ನಿನ ಕಂತೊಂದರಲ್ಲಿ, ತಾನು ಭವಿಷ್ಯದಿಂದ ಬಂದವನೆಂದು ಹೇಳಿಕೊಳ್ಳುವ ಸೈಮನ್ ಡಾಯ್ಲ್ ಎಂಬವನು ಈ ಜೋಡಿಗೆ ಮೂವರು ಮಕ್ಕಳಾಗುತ್ತಾರೆಂದು ಹೇಳಿರುತ್ತಾನೆ. ಕೊನೆಯ ದೃಶ್ಯದಲ್ಲಿ ಓಡಾಡುವ ಮಕ್ಕಳು ಮೂವರೇ. ಎರಡಾಗಲಿ ನಾಲ್ಕಾಗಲಿ ಆಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ಯಾರೋ ಒಬ್ಬರು ಹಳೆಯ ಕಂತನ್ನು ನೆನಪಿಟ್ಟುಕೊಂಡು ಮೂರು ಎಂದು ಎಣಿಸಿದ್ದಾರೆ. ಇಂಥ ನೆನಪಿನ ಕೆಲಸವನ್ನು ಬೇಜವಾಬ್ದಾರಿಯೆಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ಅಭಿಪ್ರಾಯಗಳನ್ನು ಬೇರ್ಪಡಿಸುವ ಇನ್ನೊಂದು ಸಂಗತಿಯಿದೆ, ನೋಡಿದ ರೀತಿ. 2016ರಲ್ಲಿ ಸೋಮವಾರದಿಂದ ಸೋಮವಾರಕ್ಕೆ ಕಾದು ನೋಡಿದವರಿಗೆ ಗಂಡ ಹೆಂಡತಿಯ ಅಗಲಿಕೆ ಎಂದರೆ ತಿಂಗಳುಗಟ್ಟಲೆಯ ಅಗಲಿಕೆ. ಅಮೆರಿಕದ ಸೀಸನ್ನಿನ ನಡುವೆ ಕ್ರಿಸ್‌ಮಸ್ಸಿನ ಬಿಡುವು, ಇತರ ಬಿಡುವು ಎಂದು ವಾರಗಳು ಜಾರುತ್ತವೆ, ಸಿಟ್ಟು ಬಲಿಯಲು ಬೇಕಾದಷ್ಟು ಕಾಲ ಸಿಗುತ್ತದೆ. ಆಮೇಲೆ ಲ್ಯಾಪ್‌ಟಾಪಿನಲ್ಲಿ ಒಂದರ ಹಿಂದೊಂದು ನೋಡಿದ ನಮ್ಮಂಥವರಿಗೆ ಅದೇ ಅಗಲಿಕೆ ಒಂದು ಶನಿವಾರ ಮಧ್ಯಾಹ್ನ ಶುರುವಾಗಿ ಭಾನುವಾರ ಕಾಫಿಯ ಹೊತ್ತಿಗೆ ಮುಗಿದುಹೋಯಿತು. ಕಾಟಿಕ್ ಹೊರಹೋಗುವ ಸುದ್ದಿಯಾಗಲಿ, ರದ್ದತಿಯ ಸುದ್ದಿಯಾಗಲಿ ಮೊದಲ ಸಲ ನೋಡುವಾಗ ನನಗೆ ಗೊತ್ತಿರಲಿಲ್ಲ. ಆದ್ದರಿಂದ ಕೇಲಬ್‌ನ ಗುಂಡು ನನಗೆ ಬರಿಯ ಗುಂಡಾಗಿಯೇ ಕಂಡಿತು, ಮಕ್ಕಳ ದೃಶ್ಯ ಬಂದಾಗ ಕಕ್ಕಾಬಿಕ್ಕಿಯಾಗಿ ನಾನೇ ಒಂದು ಕಂತನ್ನು ತಪ್ಪಿಸಿಕೊಂಡೆನೆಂದು ಪಟ್ಟಿ ತೆರೆದು ನೋಡಿದೆ. 22ನೇ ಕಂತಿನ ನಂತರ ಏನೂ ಇರಲಿಲ್ಲ. ವಾರವಾರ ನೋಡಿದವರು ಸಿಟ್ಟಾದರೆ, ಒಟ್ಟಿಗೆ ನೋಡಿದವರು ಗೊಂದಲಗೊಂಡರು. ಒಂದೇ ಕಂತಿಗೆ ಈ ಎರಡು ಗುಂಪುಗಳು ಕೊಡುವ ಅಂಕಗಳು ಹೋಲದಿರುವುದರಲ್ಲಿ ಆಶ್ಚರ್ಯವಿಲ್ಲ.

‘ಕ್ಯಾಸಲ್’ಗೆ ನಿಜವಾದ ಮುಕ್ತಾಯ ಬೇರೆಯೇ ಇದೆಯೆಂದು ಹೇಳುವವರದು ಮತ್ತೊಂದು ಪಂಗಡ. ಏಳನೇ ಸೀಸನ್ ಮುಗಿಯುವ ಹೊತ್ತಿಗೂ ಮುಖ್ಯ ನಟರ ಕರಾರು ಖಚಿತವಾಗಿರಲಿಲ್ಲ. ಹಾಗಾಗಿ 2015ರ ಮೇ 11ರ ಕಂತನ್ನು ಬೇಕಾದರೆ ಅಲ್ಲಿಗೇ ನಿಲ್ಲಿಸಬಹುದಾದಂತೆ ಕಟ್ಟಿದ್ದರು. ಕ್ಯಾಸಲ್ ಬಾಲ್ಯದಲ್ಲಿ ಕಾಡಿನಲ್ಲಿ ಕಂಡ ಹೆಣದ ರಹಸ್ಯ, ಅವನು ಕೊಲೆಯ ಕಥೆಗಳನ್ನೇ ಬರೆಯಲು ಮೂಲವಾದ ಘಟನೆ, ಅಲ್ಲಿ ಬಗೆಹರಿಯುತ್ತದೆ. ಅವನಿಗೆ ಬರಹಗಾರನಾಗಿ ಪ್ರಶಸ್ತಿ ಸಿಗುತ್ತದೆ, ವೇದಿಕೆಯಿಂದ ಹೆಂಡತಿಗೆ ಕೃತಜ್ಞತೆ ಹೇಳುತ್ತಾನೆ, ಅವಳ ಮುಂದೆ ಬಡ್ತಿಯ ದಾರಿ ತೆರೆದಿರುತ್ತದೆ. ಮೂರು ಎಳೆಗಳಿಗೂ ಅಲ್ಲಿ ಜಾಗವಿದೆ, ಮೂವರೂ ತೃಪ್ತಿಯಿಂದ ಎದ್ದುಹೋಗಬಹುದು. ಅದೇ ಅನಿಶ್ಚಿತತೆಯಲ್ಲಿ ಕಟ್ಟಿದ ಎರಡು ಕೊನೆಗಳಿವು. ಮೊದಲನೆಯದನ್ನು ಮುಕ್ತಾಯವೆಂದೇ ಬರೆದು, ಮುಂದುವರಿದರೆ ಮುಂದುವರಿಯಲಿ ಎಂದು ಬಿಟ್ಟಿದ್ದರು. ಎರಡನೆಯದನ್ನು ಮುಂದುವರಿಕೆಯೆಂದು ಬರೆದು, ಮುಗಿದರೆ ಇರಲಿ ಎಂದು ಒಂದು ನಿಮಿಷವನ್ನು ಜೇಬಿನಲ್ಲಿಟ್ಟುಕೊಂಡಿದ್ದರು.

ಅಲೆಕ್ಸಿ ಹಾಲಿ ಮತ್ತು ನೇಥನ್ ಫಿಲಿಯನ್ ಎರಡು ವರ್ಷದ ನಂತರ, 2018ರಲ್ಲಿ, ಅದೇ ಎಬಿಸಿಯಲ್ಲಿ ‘ದಿ ರೂಕಿ’ ಎಂಬ ಮತ್ತೊಂದು ಪೊಲೀಸ್ ಧಾರಾವಾಹಿಯೊಂದಿಗೆ ಮರಳಿದರು. ‘ಕ್ಯಾಸಲ್’ ಮಾತ್ರ ಹೊಸ ವೀಕ್ಷಕರಿಗೆ ಇಂದಿಗೂ ಸಿಗುತ್ತಲೇ ಇದೆ, ಎಲ್ಲಿ ನಿಲ್ಲಿಸಬೇಕೆಂದು ಅವರು ಕೇಳುತ್ತಲೇ ಇರುತ್ತಾರೆ. ನನ್ನನ್ನು ಕೇಳಿದವರಿಗೆ ನಾನು ಹೇಳುವುದಿಷ್ಟು. ಏಳನೇ ಸೀಸನ್ನಿನ ಕೊನೆಯ ಕಂತು ನೋಡಿ, ಒಂದೆರಡು ವಾರ ಬಿಡಿ. ಆಮೇಲೂ ಬೆಕೆಟ್ ಮತ್ತು ಕ್ಯಾಸಲ್ ನೆನಪಾಗುತ್ತಿದ್ದರೆ ಎಂಟನೆಯದನ್ನು ತೆರೆಯಿರಿ, ಲೋಕ್‌ಸ್ಯಾಟ್‌ನ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಕೊನೆಯ ನಿಮಿಷದಲ್ಲಿ ಮಕ್ಕಳನ್ನು ಎಣಿಸುವುದನ್ನು ಮಾತ್ರ ಮರೆಯಬೇಡಿ.